ಜಿಂಕೆ ಬಿದ್ದ ಮೇಲೆ ಆರಂಭವಾಗುವ ಬೇಟೆ

ಪ್ರಶ್ನೆ: ಹಿಮಗಾಡಿನಲ್ಲಿ ಬದುಕುಳಿಯುವ ‘ದ ಲಾಂಗ್ ಡಾರ್ಕ್’ ವಿಡಿಯೊ ಆಟವನ್ನು ಸ್ಟಾಕರ್ ಎಂಬ ಕಠಿಣ ಹಂತದಲ್ಲಿ ಆಡುತ್ತಿದ್ದೇನೆ. ಮಿಸ್ಟರಿ ಲೇಕ್ ವಲಯದಲ್ಲಿ ನೆಲೆ ಮಾಡಿಕೊಂಡಿದ್ದೇನೆ. ಮನೆಗಳಲ್ಲಿ ಸಿಗುತ್ತಿದ್ದ ಡಬ್ಬಿ ಆಹಾರ ಮುಗಿಯುತ್ತ ಬಂದಿದೆ. ರೈಫಲ್ ಇದೆ, ಗುಂಡುಗಳು ಬೆರಳೆಣಿಕೆಯಷ್ಟು. ಜಿಂಕೆಗೆ ಗುಂಡು ತಗುಲುತ್ತದೆ, ಆದರೆ ಮಾಂಸ ಮನೆ ಸೇರುವುದು ಅಪರೂಪ. ಕೆಲವೊಮ್ಮೆ ಗಾಯಗೊಂಡ ಜಿಂಕೆ ಓಡಿ ಕಣ್ಮರೆಯಾಗುತ್ತದೆ, ಕೆಲವೊಮ್ಮೆ ಮಾಂಸ ಕೊಯ್ಯುತ್ತಿರುವಾಗಲೇ ಚಳಿಗೆ ಸಾಯುತ್ತೇನೆ, ಅದರಿಂದ ಉಳಿದರೆ ದಾರಿಯಲ್ಲಿ ತೋಳ ಕಾದಿರುತ್ತದೆ. ಯಾವ ಪ್ರಾಣಿಯಿಂದ ಆರಂಭಿಸಬೇಕು? ಬಿಲ್ಲು ಮಾಡಿಕೊಳ್ಳುವುದು ಲಾಭವೇ? ಕರಡಿಯನ್ನು ಯಾವಾಗ ಹೊಡೆಯಬಹುದು? ತೋಳದ ಮಾಂಸ ತಿನ್ನಬಹುದೇ?

ಉತ್ತರ: ನಿಮ್ಮ ಗುರಿ ಚೆನ್ನಾಗಿಯೇ ಇದೆ. ಗುಂಡು ತಗುಲುತ್ತಿದೆ ಎಂದು ನೀವೇ ಹೇಳಿದ್ದೀರಿ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುತ್ತಿರುವುದು ಗುಂಡು ಹಾರಿದ ನಂತರದ ಕೆಲವು ಗಂಟೆಗಳಲ್ಲಿ. ಆದ್ದರಿಂದ ಗುರಿ ಹಿಡಿಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲಿ ಹೊಡೆಯಬೇಕು, ಹೊಡೆದ ಮೇಲೆ ಆ ಜಾಗದಲ್ಲಿ ಹೇಗೆ ಬದುಕಿರಬೇಕು ಎಂಬುದನ್ನೇ ವಿವರವಾಗಿ ಬರೆಯುತ್ತೇನೆ. ಈ ಆಟದಲ್ಲಿ ಬೇಟೆ ಎಂದರೆ ಮುಖ್ಯವಾಗಿ ಜಾಗದ ಆಯ್ಕೆ. ಅದೊಂದು ಮನಸ್ಸಿಗೆ ಹತ್ತಿದರೆ ನೀವು ಹೇಳಿದ ಮೂರೂ ತೊಂದರೆಗಳು ಒಟ್ಟಿಗೇ ಕಡಿಮೆಯಾಗುತ್ತವೆ.

ಮೊದಲು ಆಟದ ಒಳಲೆಕ್ಕ ನೋಡೋಣ. ಕೆನಡಾದ ಹಿಂಟರ್‌ಲ್ಯಾಂಡ್ ಸ್ಟುಡಿಯೋ 2014ರಲ್ಲಿ ಇದನ್ನು ಅಪೂರ್ಣ ರೂಪದಲ್ಲಿ ಆಟಗಾರರ ಕೈಗಿತ್ತು, 2017ರ ಆಗಸ್ಟ್ 1ರಂದು ಪೂರ್ಣ ರೂಪದಲ್ಲಿ ಬಿಡುಗಡೆ ಮಾಡಿತು. ಅಂದಿನಿಂದ ಹೊಸ ವಲಯಗಳು, ಹೊಸ ಪ್ರಾಣಿಗಳು ಸೇರುತ್ತ ಬಂದಿವೆ. ಆದರೆ ತಳಹದಿ ಬದಲಾಗಿಲ್ಲ: ಚಳಿ, ದಣಿವು, ಬಾಯಾರಿಕೆ, ಹಸಿವು ಎಂಬ ನಾಲ್ಕು ಅಳತೆಗಳು ಸದಾ ಇಳಿಯುತ್ತಿರುತ್ತವೆ. ಹಸಿವಿನ ಚೀಲದಲ್ಲಿ ಗರಿಷ್ಠ 2500 ಕ್ಯಾಲೊರಿ ಹಿಡಿಯುತ್ತದೆ. ಅದು ಪೂರ್ತಿ ಖಾಲಿಯಾದರೂ ಹಸಿವು ನಿಮ್ಮನ್ನು ಕೊಲ್ಲಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ಚಳಿಗೆ ಕೆಲವೇ ಗಂಟೆ ಸಾಕು. ತೋಳಕ್ಕೆ ನಿಮಿಷ ಸಾಕು. ಹೀಗಿರುವಾಗ ಹಸಿವಿಗೆ ಹೆದರಿ ಚಳಿಯೊಳಕ್ಕೆ ಓಡುವುದು ಅತಿ ದುಬಾರಿ ವ್ಯವಹಾರ. ಹೊಟ್ಟೆ ಖಾಲಿಯಾಗಿದೆ ಎಂಬ ಆತುರದಲ್ಲಿ ಸಂಜೆ ಹೊತ್ತು ಬಂದೂಕು ಹಿಡಿದು ಹೊರಟವರೇ ಈ ಆಟದಲ್ಲಿ ಹೆಚ್ಚು ಸಾಯುವುದು. ಬೇಟೆಗೆ ಹೊರಡುವ ಹೊತ್ತು ಬೆಳಗ್ಗೆ: ನಿದ್ದೆ ಮುಗಿದಿರಬೇಕು, ಮೈ ಬೆಚ್ಚಗಿರಬೇಕು, ಹೊರಗೆ ಗಾಳಿಯ ರಭಸ ಇಳಿದಿರಬೇಕು. ಹೊಟ್ಟೆಯಲ್ಲಿ ಸ್ವಲ್ಪವಾದರೂ ಇರಲಿ.

ಇನ್ನು ಜಾಗದ ವಿಷಯ. ಸತ್ತ ಜಿಂಕೆಯನ್ನು ಎಳೆದುಕೊಂಡು ಹೋಗಲು ಈ ಆಟದಲ್ಲಿ ಸಾಧ್ಯವಿಲ್ಲ. ಅದು ಬಿದ್ದ ಜಾಗವೇ ನಿಮ್ಮ ಮುಂದಿನ ಎರಡು ಮೂರು ಗಂಟೆಗಳ ಅಡುಗೆಮನೆ. ಅದು ಗಾಳಿ ಬೀಸುವ ಸರೋವರದ ನಡುವೆ ಬಿದ್ದರೆ ನೀವೂ ಅಲ್ಲೇ ಕೂರಬೇಕು. ತೋಳ ಓಡಾಡುವ ದಾರಿಯಲ್ಲಿ ಬಿದ್ದರೆ ನೀವೂ ಆ ದಾರಿಯಲ್ಲೇ ಕೂರಬೇಕು. ಆದ್ದರಿಂದ ಜಿಂಕೆ ಕಣ್ಣಿಗೆ ಬಿದ್ದೊಡನೆ ಬಂದೂಕು ಎತ್ತಬೇಡಿ. ಸುತ್ತ ಒಮ್ಮೆ ಕಣ್ಣಾಡಿಸಿ. ಗಾಳಿಗೆ ಮರೆಯಾಗುವ ಬಂಡೆ ಎಲ್ಲಿದೆ? ಹತ್ತಿರದ ಬಾಗಿಲು ಎಷ್ಟು ದೂರ? ಸಂಜೆಯಾಗಲು ಇನ್ನೆಷ್ಟು ಹೊತ್ತಿದೆ? ಬೆಂಕಿ ಹೊತ್ತಿಸಲು ಚೀಲದಲ್ಲಿ ಕಡ್ಡಿ ಕಟ್ಟಿಗೆ ಇವೆಯೇ? ಇವಕ್ಕೆ ಸಮಾಧಾನಕರ ಉತ್ತರ ಇಲ್ಲದಿದ್ದರೆ ಆ ಜಿಂಕೆಯನ್ನು ಬಿಟ್ಟುಬಿಡಿ. ಜಿಂಕೆಗಳು ಅದೇ ಬಯಲಿನಲ್ಲಿ ಸುತ್ತುತ್ತಿರುತ್ತವೆ, ನಾಳೆಯೂ ಸಿಗುತ್ತವೆ. ಬೆರಳೆಣಿಕೆಯ ಗುಂಡುಗಳಲ್ಲಿ ಒಂದು ವ್ಯರ್ಥವಾದರೆ ಅದು ಮರಳಿ ಬಾರದು.

ಒಂದು ಬೇಟೆಯನ್ನು ಆರಂಭದಿಂದ ಕೊನೆಯವರೆಗೆ ನೋಡೋಣ. ನೀವು ಮಿಸ್ಟರಿ ಲೇಕ್‌ನ ಕ್ಯಾಂಪ್ ಆಫೀಸ್‌ನಲ್ಲಿ ಮಲಗಿ ಎದ್ದಿದ್ದೀರಿ ಎಂದಿಟ್ಟುಕೊಳ್ಳಿ. ಹೊರಗೆ ಬಂದಾಗ ದಡದ ಬಳಿ ಜಿಂಕೆಗಳು ಮೇಯುತ್ತಿವೆ. ನಿಂತೇ ನಡೆದರೆ ದೂರದಿಂದಲೇ ತಲೆ ಎತ್ತುತ್ತವೆ, ಓಡಿದರೆ ಹೇಳುವುದೇ ಬೇಡ. ಬಗ್ಗಿ ನಡೆಯಿರಿ. ನೇರವಾಗಿ ಅವುಗಳ ಕಡೆಗೆ ಹೋಗದೆ, ಅವು ಹೆಜ್ಜೆ ಹಾಕುತ್ತಿರುವ ದಿಕ್ಕಿನಲ್ಲಿ ಮುಂದೆ ಇರುವ ಒಂದು ಮರವನ್ನೋ ಬಂಡೆಯನ್ನೋ ಆರಿಸಿಕೊಂಡು ಅದರ ಹಿಂದೆ ಕುಳಿತುಬಿಡಿ. ಜಿಂಕೆ ಮೇಯುತ್ತ ಮೇಯುತ್ತ ನಿಮ್ಮ ಬಳಿಗೆ ಬರಲು ಬಿಡಿ. ಈ ಕಾಯುವಿಕೆಯಲ್ಲಿ ಮೈ ತಣ್ಣಗಾಗುತ್ತದೆ ಎಂಬುದು ನಿಜ. ಆದರೆ ಮೂವತ್ತು ಹೆಜ್ಜೆಯಿಂದ ಹೊಡೆದ ಗುಂಡಿಗೂ ಹತ್ತು ಹೆಜ್ಜೆಯಿಂದ ಹೊಡೆದ ಗುಂಡಿಗೂ ಇರುವ ವ್ಯತ್ಯಾಸವನ್ನು ನೀವೇ ಅನುಭವಿಸಿದ್ದೀರಿ: ಮೊದಲನೆಯದು ಹೊಟ್ಟೆಗೆ ತಗುಲಿ ಜಿಂಕೆ ಓಡುತ್ತದೆ, ಎರಡನೆಯದು ತಲೆಗೋ ಕುತ್ತಿಗೆಗೋ ತಗುಲಿ ಅಲ್ಲೇ ಬೀಳುತ್ತದೆ. ಗುರಿ ಹಿಡಿದು ಬಹಳ ಹೊತ್ತು ನಿಂತರೆ ಕೈ ನಡುಗತೊಡಗುತ್ತದೆ. ಜಿಂಕೆ ಪಕ್ಕಕ್ಕೆ ತಿರುಗಿ ತಲೆ ಬಾಗಿಸಿದ ಕ್ಷಣದಲ್ಲಿ ಎತ್ತಿ, ಉಸಿರು ಎಳೆಯುವಷ್ಟರಲ್ಲಿ ಹೊಡೆಯಿರಿ. ಒಂದು ಎಚ್ಚರಿಕೆ: ಇಳಿಜಾರಿನಲ್ಲಿ ಜಾರಿ ಮಣಿಕಟ್ಟು ಉಳುಕಿದ್ದರೆ ಗುರಿ ಹಿಡಿಯಲೇ ಆಗುವುದಿಲ್ಲ. ಅದನ್ನು ಮನೆಯಲ್ಲೇ ಸರಿಪಡಿಸಿಕೊಂಡು ಹೊರಡಿ.

ಜಿಂಕೆ ಅಲ್ಲೇ ಬೀಳದೆ ಓಡಿದರೆ ಏನು ಮಾಡಬೇಕು? ಇದು ನಿಮ್ಮ ಪ್ರಶ್ನೆಯ ಮುಖ್ಯ ಭಾಗ. ಹಿಂದೆ ಓಡಬೇಡಿ. ಗಾಯಗೊಂಡ ಪ್ರಾಣಿ ಒಳಗೊಳಗೇ ರಕ್ತ ಕಳೆದುಕೊಳ್ಳುತ್ತಿರುತ್ತದೆ. ನೀವು ಬೆನ್ನಟ್ಟಿದರೂ ಬೆನ್ನಟ್ಟದಿದ್ದರೂ ಆ ಕೆಲಸ ನಡೆಯುತ್ತದೆ. ಬೆನ್ನಟ್ಟಿದರೆ ಅದು ಇನ್ನಷ್ಟು ದೂರ, ನಿಮಗೆ ಪರಿಚಯವಿಲ್ಲದ ಕಣಿವೆಗೆ ಹೋಗಿ ಬೀಳುತ್ತದೆ. ನಿಮ್ಮ ಕಸುವು, ಶಾಖ ಎರಡೂ ಕರಗುತ್ತವೆ. ಓಡಿದ ದಿಕ್ಕನ್ನು ಗುರುತಿಟ್ಟುಕೊಂಡು ಕ್ಯಾಂಪ್ ಆಫೀಸ್‌ಗೆ ಮರಳಿ. ಹಿಮ ಕರಗಿಸಿ ನೀರು ಮಾಡಿಕೊಳ್ಳಿ, ಬಟ್ಟೆ ಹೊಲಿಯಿರಿ. ಗಂಟೆ ಎರಡು ಗಂಟೆ ಕಳೆದ ಮೇಲೆ ಹೊರಗೆ ಬಂದು ಹಿಮದ ಮೇಲಿನ ರಕ್ತದ ಕಲೆಗಳನ್ನು ಹಿಡಿದು ನಡೆಯಿರಿ. ಕಲೆಗಳು ತಪ್ಪಿದರೆ ತಲೆ ಎತ್ತಿ ಆಕಾಶ ನೋಡಿ. ಸತ್ತ ಪ್ರಾಣಿಯ ಮೇಲೆ ಕಾಗೆಗಳು ಸುತ್ತು ಹಾಕುತ್ತವೆ. ಮರಗಳ ತಲೆಯ ಮೇಲೆ ಕಪ್ಪು ಚುಕ್ಕೆಗಳು ಒಂದೇ ಕಡೆ ತಿರುಗುತ್ತಿದ್ದರೆ ನಿಮ್ಮ ಜಿಂಕೆ ಅದರ ಕೆಳಗಿದೆ. ಆ ಕಾಗೆಗಳ ಕೆಳಗೆ ಬಿದ್ದಿರುವ ಗರಿಗಳನ್ನು ಆರಿಸಿಕೊಳ್ಳಿ, ಮುಂದೆ ಬಾಣಕ್ಕೆ ಬೇಕಾಗುತ್ತವೆ. ಹವಾಮಾನ ಕೆಡುವ ಸೂಚನೆ ಕಂಡರೆ ಮಾತ್ರ ಬೇಗ ಹೊರಡಬೇಕಾಗುತ್ತದೆ, ಏಕೆಂದರೆ ಜಾಡು ಎಂದೆಂದಿಗೂ ಉಳಿಯುವುದಿಲ್ಲ, ಹಿಮಬಿರುಗಾಳಿಯಲ್ಲಿ ಎರಡು ಮಾರು ದೂರವೂ ಕಾಣುವುದಿಲ್ಲ.

ಈಗ ಜಿಂಕೆಯ ಪಕ್ಕ ನಿಂತಿದ್ದೀರಿ. ಕತ್ತಿ ತೆಗೆಯುವ ಮೊದಲು ಬೆಂಕಿ. ಇದರಲ್ಲಿ ರಿಯಾಯಿತಿ ಇಲ್ಲ. ಬಹುತೇಕರು ಸಾಯುವುದು ಇಲ್ಲೇ: ಮಾಂಸ ಕೊಯ್ಯುವ ಪರದೆಯಲ್ಲಿ ಕಿಲೋಗಳ ಸಂಖ್ಯೆ ಏರಿಸುತ್ತ ಹೋಗುತ್ತಾರೆ, ಅದರ ಪಕ್ಕದಲ್ಲೇ ಏರುತ್ತಿರುವ ಸಮಯದ ಅಂಕಿಯನ್ನು ನೋಡುವುದಿಲ್ಲ. ಗುಂಡಿ ಒತ್ತಿದ ಮೇಲೆ ಆ ಸಮಯವೆಲ್ಲ ಒಂದೇ ಉಸಿರಿಗೆ ಕಳೆದುಹೋಗುತ್ತದೆ. ಅಷ್ಟೂ ಹೊತ್ತು ನೀವು ಚಳಿಯಲ್ಲಿ ಕದಲದೆ ಕುಳಿತಂತೆ. ಜಿಂಕೆಯ ಹತ್ತಿರ ಗಾಳಿಗೆ ಮರೆಯಾದ ಕಡೆ ಬೆಂಕಿ ಹೊತ್ತಿಸಿದರೆ ಮೂರು ಕೆಲಸ ಒಟ್ಟಿಗೆ ಆಗುತ್ತವೆ. ನಿಮ್ಮ ಮೈ ಬೆಚ್ಚಗಿರುತ್ತದೆ. ಜಿಂಕೆಯ ದೇಹ ಹೆಪ್ಪುಗಟ್ಟುವುದಿಲ್ಲ, ಆಗಲೇ ಗಟ್ಟಿಯಾಗಿದ್ದರೆ ಕರಗುತ್ತದೆ. ತೋಳ ಹತ್ತಿರ ಬರಲು ಹಿಂಜರಿಯುತ್ತದೆ. ಹೆಪ್ಪುಗಟ್ಟಿದ ದೇಹದಿಂದ ಬರಿಗೈಯಲ್ಲಿ ಮಾಂಸ ತೆಗೆಯಲು ಆಗುವುದೇ ಇಲ್ಲ, ಕೊಡಲಿಯಿದ್ದರೂ ಹೊತ್ತು ಹಿಡಿಯುತ್ತದೆ. ಗಾಳಿ ದಿಕ್ಕು ಬದಲಿಸಿ ಬೆಂಕಿಯನ್ನು ನುಂಗಬಹುದು, ಹಾಗಾಗಿ ಒಮ್ಮೆಲೇ ಎಲ್ಲವನ್ನೂ ಕೊಯ್ಯಲು ಹೋಗದೆ ಸ್ವಲ್ಪ ಸ್ವಲ್ಪವಾಗಿ ಕೊಯ್ಯಿರಿ. ಪ್ರತಿ ಸಲ ಕತ್ತಿ ಕೆಳಗಿಟ್ಟಾಗ ಬೆಂಕಿಯನ್ನೂ ಆಕಾಶವನ್ನೂ ನೋಡಿ. ಮೊದಲ ತುಂಡುಗಳನ್ನು ಬೆಂಕಿಯ ಪಕ್ಕದ ಕಲ್ಲಿನ ಮೇಲೆ ಬೇಯಲು ಇಟ್ಟು ಮುಂದಿನ ತುಂಡು ಕೊಯ್ಯುತ್ತಿದ್ದರೆ ಎರಡೂ ಕೆಲಸ ಸಾಗುತ್ತವೆ. ಕೊಯ್ಯುವ ಸಮಯ ಬೇಯುವ ಸಮಯಕ್ಕಿಂತ ಹೆಚ್ಚಾದರೆ ಮಾಂಸ ಸುಟ್ಟು ಕರಕಲಾಗುತ್ತದೆ, ಅದನ್ನಷ್ಟು ಗಮನಿಸಿ.

ಎಲ್ಲವನ್ನೂ ಹೊರುವ ಆಸೆ ಬೇಡ. ಆರಂಭದಲ್ಲಿ ನೀವು ಆರಾಮವಾಗಿ ಹೊರಬಲ್ಲದ್ದು 30 ಕಿಲೋ, ದಣಿದಂತೆ ಅದು ಇನ್ನೂ ಇಳಿಯುತ್ತದೆ. ಮೂರು ದಿನ ಸತತವಾಗಿ ಹೊಟ್ಟೆ ಖಾಲಿಯಾಗದಂತೆ ನೋಡಿಕೊಂಡರೆ 5 ಕಿಲೋ ಹೆಚ್ಚುವರಿ ಹೊರುವ ಶಕ್ತಿ ಸಿಗುತ್ತದೆ. ಬೇಟೆಗಾರನಿಗೆ ಇದು ದೊಡ್ಡ ವರ. ಕರುಳು, ತೊಗಲುಗಳನ್ನು ಬಿಟ್ಟು ಬರಬೇಡಿ. ಇವೇ ನಾಳಿನ ಉರುಳು, ನಾಳಿನ ಬಿಲ್ಲಿನ ಹೆದೆ, ನಾಳಿನ ಬೂಟು. ಅವುಗಳನ್ನು ಮನೆಯೊಳಗೆ ನೆಲದ ಮೇಲೆ ಹರಡಿದರೆ ದಿನ ಕಳೆದಂತೆ ಹದವಾಗುತ್ತವೆ. ಮಾಂಸವನ್ನು ಮಾತ್ರ ಹೊರಗಿನ ಹಿಮದಲ್ಲಿ ಇಡಿ, ಚಳಿಯಲ್ಲಿ ನಿಧಾನವಾಗಿ ಕೆಡುತ್ತದೆ.

ಹಸಿ ಮಾಂಸ, ಹಸಿ ಕರುಳು ಚೀಲ ಸೇರಿದ ಕ್ಷಣದಿಂದ ಪರದೆಯ ಮೇಲೆ ವಾಸನೆಯ ಗುರುತು ಮೂಡುತ್ತದೆ. ಹೊರೆ ಹೆಚ್ಚಿದಂತೆ ಒಂದರಿಂದ ಮೂರು ಗೆರೆಗಳವರೆಗೆ ಏರುತ್ತದೆ. ನಿಮ್ಮನ್ನು ದಾರಿಯಲ್ಲಿ ಕಾಯುತ್ತಿದ್ದ ತೋಳಕ್ಕೆ ಸುದ್ದಿ ಮುಟ್ಟಿಸಿದ್ದು ಈ ಗೆರೆಗಳೇ. ಮೂರು ಗೆರೆ ಇದ್ದಾಗ ತೋಳಗಳು ಬಹಳ ದೂರದಿಂದಲೇ ಜಾಡು ಹಿಡಿಯುತ್ತವೆ, ಬಂಡೆಯ ಹಿಂದೆ ಬಗ್ಗಿ ಕುಳಿತರೂ ಪ್ರಯೋಜನವಿಲ್ಲ. ಆದ್ದರಿಂದ ಎರಡು ಸುತ್ತಿನಲ್ಲಿ ಸಾಗಿಸುವುದು ಹೆಚ್ಚು ಕ್ಷೇಮ. ಮನೆ ಹತ್ತಿರವೇ ಇರುವ ಜಾಗದಲ್ಲಿ ಹೊಡೆಯಿರಿ ಎಂದು ಮೇಲೆ ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ: ಎರಡನೇ ಸುತ್ತು ಆಗ ಹೊರೆಯೆನಿಸುವುದಿಲ್ಲ. ಹೊರಡುವಾಗ ಬೆಂಕಿಯಿಂದ ಒಂದು ಪಂಜನ್ನು ಎಳೆದುಕೊಂಡು ಕೈಯಲ್ಲಿ ಹಿಡಿಯಿರಿ. ಸ್ಟಾಕರ್ ಹಂತದಲ್ಲಿ ಪಂಜು ತೋಳವನ್ನು ಓಡಿಸಿಯೇಬಿಡುತ್ತದೆ ಎಂಬ ಭರವಸೆ ಇಲ್ಲ, ಆದರೆ ಅದರ ಧೈರ್ಯವನ್ನು ಕುಗ್ಗಿಸುತ್ತದೆ. ತೋಳ ಹಿಂಬಾಲಿಸುತ್ತಲೇ ಇದ್ದರೆ ಒಂದು ತುಂಡು ಮಾಂಸವನ್ನು ದಾರಿಯಲ್ಲಿ ಬೀಳಿಸಿ ಮುಂದೆ ನಡೆಯಿರಿ. ಅದು ತಿನ್ನಲು ನಿಂತರೆ ನಿಮಗೆ ಬೇಕಾದ ಅಂತರ ಸಿಗುತ್ತದೆ. ಒಂದು ಕಿಲೋ ಮಾಂಸ ಕೊಟ್ಟು ಪ್ರಾಣ ಉಳಿಸಿಕೊಳ್ಳುವುದಕ್ಕೆ ಮನಸ್ಸು ಹಿಂಜರಿಯಬಾರದು.

ತೋಳವನ್ನು ಬರೀ ಶತ್ರುವಾಗಿ ನೋಡುವುದನ್ನು ಬಿಟ್ಟರೆ ನಿಮ್ಮ ಗುಂಡುಗಳ ಕೊರತೆ ಅರ್ಧ ನೀಗುತ್ತದೆ. ಈ ಆಟದಲ್ಲಿ ತೋಳಗಳು ಜಿಂಕೆಗಳನ್ನೂ ಮೊಲಗಳನ್ನೂ ತಾವಾಗಿಯೇ ಬೇಟೆಯಾಡುತ್ತವೆ. ಜಿಂಕೆಯ ಆ ಬದಿಯಲ್ಲಿ ತೋಳವಿದೆ, ಈ ಬದಿಯಲ್ಲಿ ನೀವಿದ್ದೀರಿ ಎಂದಾದರೆ ಎದ್ದು ನಿಂತು ಜಿಂಕೆಯನ್ನು ಬೆದರಿಸಿ. ಅದು ನಿಮ್ಮಿಂದ ದೂರ ಓಡುತ್ತ ನೇರವಾಗಿ ತೋಳದ ಎದುರಿಗೆ ಹೋಗುತ್ತದೆ. ತೋಳ ಅದನ್ನು ಕೆಡವಿ ತಿನ್ನಲು ಕೂರುತ್ತದೆ. ತಿನ್ನುತ್ತಿರುವ ತೋಳ ಕದಲುವುದಿಲ್ಲ. ಅದಕ್ಕಿಂತ ಸುಲಭವಾದ ಗುರಿ ಈ ಆಟದಲ್ಲಿ ಇನ್ನೊಂದಿಲ್ಲ. ಒಂದೇ ಗುಂಡಿಗೆ ತೋಳವೂ ಜಿಂಕೆಯೂ ನಿಮ್ಮದಾಗುತ್ತವೆ. ಗುಂಡು ಖರ್ಚು ಮಾಡಲು ಇಷ್ಟವಿಲ್ಲದಿದ್ದರೆ ಉರಿಯುವ ಫ್ಲೇರ್ (ಪ್ರಖರ ಬೆಳಕಿನ ಸಂಕೇತದ ಕಡ್ಡಿ) ಹಿಡಿದು ತೋಳವನ್ನು ಓಡಿಸಲು ನೋಡಬಹುದು, ಆದರೆ ಸ್ಟಾಕರ್ ಹಂತದಲ್ಲಿ ನಾನು ಗುಂಡಿನ ಕಡೆಗೇ ವಾಲುತ್ತೇನೆ. ಓಡಿಹೋದ ತೋಳ ಮರಳಿ ಬರುತ್ತದೆ. ನೀವು ಬೆಂಕಿಯ ಬಳಿ ಮಾಂಸ ಕೊಯ್ಯುತ್ತಿರುವಾಗ ಅದು ಕತ್ತಲಂಚಿನಲ್ಲಿ ಸುತ್ತುತ್ತಿದ್ದರೆ ಕೆಲಸ ಸಾಗುವುದಿಲ್ಲ.

ತೋಳವೇ ನಿಮ್ಮ ಮೇಲೆ ಬಂದರೆ? ಅದು ಮೊದಲು ನಿಮ್ಮನ್ನು ಗಮನಿಸಿ ಬೊಗಳುತ್ತದೆ, ಆಮೇಲೆ ತಲೆ ತಗ್ಗಿಸಿ ನಿಧಾನವಾಗಿ ಹತ್ತಿರವಾಗುತ್ತದೆ, ಕೊನೆಗೆ ನುಗ್ಗುತ್ತದೆ. ಬೆನ್ನು ತೋರಿಸಿ ಓಡುವುದರಿಂದ ಯಾವ ಲಾಭವೂ ಇಲ್ಲ. ನುಗ್ಗುವಾಗ ಅದು ನೇರ ರೇಖೆಯಲ್ಲಿ ಬರುತ್ತದೆ, ತಲೆಯೇ ಮುಂದಿರುತ್ತದೆ. ದೂರದಲ್ಲಿ ಅಡ್ಡಾಡುತ್ತಿರುವಾಗ ಹೊಡೆಯುವುದಕ್ಕಿಂತ ಆ ನೇರ ಓಟದಲ್ಲಿ ಹೊಡೆಯುವುದು ಸುಲಭ. ಎದೆ ಗಟ್ಟಿ ಇರಬೇಕು, ಅಷ್ಟೇ. ಗುಂಡು ತಪ್ಪಿ ಮೈಮೇಲೆ ಬಿದ್ದರೆ ಕೈಗೆ ಬರುವ ಆಯುಧದಿಂದ ಹೋರಾಡಬೇಕಾಗುತ್ತದೆ. ಕತ್ತಿ, ಕೊಡಲಿ ಅಥವಾ ಸುತ್ತಿಗೆ ಇಲ್ಲದೆ ಹೊರಗೆ ಕಾಲಿಡಬೇಡಿ. ಬರಿಗೈಯ ಹೋರಾಟ ಬಟ್ಟೆಗಳನ್ನೂ ಆರೋಗ್ಯವನ್ನೂ ಚಿಂದಿ ಮಾಡುತ್ತದೆ. ಹೋರಾಟದ ನಂತರ ಓಡಿಹೋದ ತೋಳಕ್ಕೂ ಗಾಯವಾಗಿರುತ್ತದೆ ಎಂಬುದನ್ನು ಮರೆಯಬೇಡಿ. ಗಾಯಕ್ಕೆ ಬಟ್ಟೆ ಸುತ್ತಿ, ಸೋಂಕು ತಡೆಯುವ ಔಷಧ ಹಚ್ಚಿ, ಮೈ ಬೆಚ್ಚಗಾದ ಮೇಲೆ ರಕ್ತದ ಜಾಡು ಹಿಡಿದರೆ ಎಷ್ಟೋ ಸಲ ಅದು ಸತ್ತು ಬಿದ್ದಿರುತ್ತದೆ.

ಯಾವ ಪ್ರಾಣಿಯಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ಮೊಲದಿಂದ. ಜಿಂಕೆಯ ಬಗ್ಗೆ ಇಷ್ಟುದ್ದ ಬರೆದ ಮೇಲೆ ಇದು ಸಣ್ಣ ಉತ್ತರವೆನಿಸಬಹುದು, ಆದರೆ ಮೊಲಕ್ಕೆ ಗುಂಡು ಬೇಡ, ಬಿಲ್ಲು ಬೇಡ, ನೆಲದ ಮೇಲೆ ಬಿದ್ದಿರುವ ಕಲ್ಲು ಸಾಕು. ಬಗ್ಗಿ ಹತ್ತಿರ ಹೋಗಿ, ಮೊಲ ಕುಪ್ಪಳಿಸಿ ನಿಂತ ಕ್ಷಣದಲ್ಲಿ ಎಸೆಯಿರಿ. ಕಲ್ಲು ತಗುಲಿದರೆ ಮೊಲ ಸ್ವಲ್ಪ ಹೊತ್ತು ಮಂಕಾಗಿ ಬಿದ್ದಿರುತ್ತದೆ. ಅಷ್ಟರೊಳಗೆ ಓಡಿಹೋಗಿ ಕೈಗೆತ್ತಿಕೊಳ್ಳಬೇಕು, ತಡವಾದರೆ ಎದ್ದು ಹಾರಿಹೋಗುತ್ತದೆ. ಎಸೆದ ಕಲ್ಲು ಅಲ್ಲೇ ಬಿದ್ದಿರುತ್ತದೆ, ಮತ್ತೆ ಎತ್ತಿಕೊಳ್ಳಬಹುದು. ಹದವಾದ ಕರುಳು ಕೈಗೆ ಬಂದ ಮೇಲೆ ಉರುಳುಗಳನ್ನು ಮಾಡಿ ಮೊಲಗಳು ಸುಳಿಯುವ ಜಾಗದಲ್ಲೇ ಒಂದಷ್ಟನ್ನು ಒಡ್ಡಿ. ಮೊಲಗಳಿಲ್ಲದ ಕಡೆ ಉರುಳು ಒಡ್ಡಿ ವಾರಗಟ್ಟಲೆ ಕಾದರೂ ಏನೂ ಬೀಳುವುದಿಲ್ಲ. ನೀವು ಮಲಗಿರುವಾಗಲೂ ದುಡಿಯುವ ಏಕೈಕ ಬೇಟೆಗಾರ ಉರುಳು. ಮೊಲದ ಮಾಂಸ ಕಡಿಮೆ, ನಿಜ. ಆದರೆ ಅದು ಜಿಂಕೆಯ ಹಿಂದೆ ಹೋಗುವ ಅವಸರವನ್ನು ತೆಗೆದುಹಾಕುತ್ತದೆ. ಹೊಟ್ಟೆ ಸ್ವಲ್ಪ ತುಂಬಿದ್ದಾಗ ಮಾತ್ರ ಮನುಷ್ಯ ಒಳ್ಳೆಯ ಜಾಗ, ಒಳ್ಳೆಯ ಹವಾಮಾನಕ್ಕಾಗಿ ಕಾಯಬಲ್ಲ.

ಬಿಲ್ಲಿನ ಬಗ್ಗೆ ನನ್ನ ಉತ್ತರ ಖಚಿತ: ಮಾಡಿಕೊಳ್ಳಿ, ಈಗಿನಿಂದಲೇ ಸಿದ್ಧತೆ ಆರಂಭಿಸಿ. ಗುಂಡುಗಳು ಒಂದು ದಿನ ಮುಗಿಯುತ್ತವೆ. ಬಾಣಗಳನ್ನು ಮರಳಿ ಎತ್ತಿಕೊಳ್ಳಬಹುದು, ಹೊಸದಾಗಿ ಮಾಡಬಹುದು, ಅವುಗಳ ಸದ್ದಿಗೆ ಬಯಲಿನ ಜಿಂಕೆಗಳೆಲ್ಲ ಚದುರುವುದಿಲ್ಲ. ಬಂದೂಕೇ ಸಿಗದ ಇಂಟರ್‌ಲೋಪರ್ ಹಂತದ ಆಟಗಾರರು ದೊಡ್ಡ ಬೇಟೆಯನ್ನೆಲ್ಲ ಬಿಲ್ಲಿನಿಂದಲೇ ಆಡುತ್ತಾರೆ. ಬಿಲ್ಲಿಗೆ ಹದವಾದ ಒಂದು ಮೇಪಲ್ ಸಸಿ ಮತ್ತು ಹದವಾದ ಎರಡು ಕರುಳು ಬೇಕು. ಒಂದು ಬರ್ಚ್ ಸಸಿಯಿಂದ ಮೂರು ಬಾಣದ ಕಡ್ಡಿಗಳು ಬರುತ್ತವೆ. ಪ್ರತಿ ಬಾಣಕ್ಕೆ ಮೂರು ಕಾಗೆ ಗರಿ, ಒಂದು ಲೋಹದ ಮೊನೆ. ಸಸಿಗಳು ಹದವಾಗಲು ದಿನಗಳು ಹಿಡಿಯುತ್ತವೆ, ಹಾಗಾಗಿ ಕಂಡ ದಿನವೇ ಕಡಿದು ಮನೆಯೊಳಗೆ ಹಾಕಿಬಿಡಿ, ಬೇಕಾದಾಗ ಹುಡುಕುವುದು ಬೇಡ. ಕಷ್ಟದ ಭಾಗ ಮೊನೆ. ಅದನ್ನು ಕುಲುಮೆಯಲ್ಲೇ ಬಡಿಯಬೇಕು, ಮಿಸ್ಟರಿ ಲೇಕ್‌ನಲ್ಲಿ ಕುಲುಮೆ ಇಲ್ಲ. ನಿಮಗೆ ಹತ್ತಿರದ್ದು ರೈಲು ಹಳಿ ಹಿಡಿದು ಹೋದರೆ ಸಿಗುವ ಫೋರ್‌ಲಾರ್ನ್ ಮಸ್ಕೆಗ್ ವಲಯದ ಸ್ಪೆನ್ಸ್ ಹೋಮ್‌ಸ್ಟೆಡ್ ಎಂಬ ತೋಟದ ಮನೆಯಲ್ಲಿದೆ. ಭಾರದ ಸುತ್ತಿಗೆ, ಲೋಹದ ತುಂಡುಗಳು, ಕಲ್ಲಿದ್ದಲು ಈ ಮೂರನ್ನೂ ಹೊತ್ತುಕೊಂಡೇ ಹೊರಡಿ. ಬೆಂಕಿ 150 ಡಿಗ್ರಿ ಸೆಲ್ಸಿಯಸ್ ಮುಟ್ಟದೆ ಕೆಲಸ ಆಗುವುದಿಲ್ಲ, ಬರೀ ಕಟ್ಟಿಗೆಯಿಂದ ಅಷ್ಟು ಕಾವು ಬರಿಸುವುದು ಕಷ್ಟ. ಮಸ್ಕೆಗ್ ಜೌಗು ಪ್ರದೇಶ, ಅಲ್ಲಿನ ತೆಳುವಾದ ಮಂಜುಗಡ್ಡೆ ಕಾಲಡಿಯಲ್ಲಿ ಬಿರಿಯುತ್ತದೆ. ಬಿರುಕಿನ ಸದ್ದು ಕೇಳಿದರೆ ಬಂದ ಹೆಜ್ಜೆಯಲ್ಲೇ ಹಿಂದಿರುಗಿ. ಒಮ್ಮೆ ಹೋದರೆ ಒಂದೆರಡು ಬಾಣಕ್ಕಾಗಿ ತೃಪ್ತಿಪಡದೆ ಸಿಕ್ಕಿದ ಲೋಹವನ್ನೆಲ್ಲ ಮೊನೆಗಳಾಗಿ ಮಾಡಿಕೊಂಡು ಬನ್ನಿ.

ಬಾಣ ದೂರ ಹೋದಂತೆ ಕೆಳಗೆ ಬಾಗುತ್ತದೆ, ಗುರಿ ತೋರಿಸುವ ಚುಕ್ಕೆಯೂ ಇರುವುದಿಲ್ಲ. ಆರಂಭದಲ್ಲಿ ಹತ್ತಿರದಿಂದಲೇ ಹೊಡೆಯಿರಿ. ಬಿಲ್ಲುಗಾರಿಕೆಯ ಕೌಶಲ ಐದನೇ ಹಂತ ಮುಟ್ಟಿದಾಗ ಬಗ್ಗಿ ಕುಳಿತೇ ಬಾಣ ಬಿಡಲು ಸಾಧ್ಯವಾಗುತ್ತದೆ. ಆಗ ಜಿಂಕೆ ಬೇಟೆಯ ಸ್ವರೂಪವೇ ಬದಲಾಗುತ್ತದೆ, ಏಕೆಂದರೆ ಬಾಣ ಬಿಡಲು ಎದ್ದು ನಿಲ್ಲುವ ಆ ಒಂದು ಕ್ಷಣದಲ್ಲೇ ಜಿಂಕೆಗಳು ನಿಮ್ಮನ್ನು ಕಾಣುತ್ತಿದ್ದವು. ಬಾಣ ತಗುಲಿದ ಜಿಂಕೆ ಅದನ್ನು ಮೈಯಲ್ಲೇ ಹೊತ್ತು ಓಡಿದರೆ ಮೇಲೆ ಹೇಳಿದ ಕಾಯುವ ವಿಧಾನ ಇಲ್ಲೂ ಅನ್ವಯಿಸುತ್ತದೆ.

ಕರಡಿಯ ವಿಷಯಕ್ಕೆ ಬರೋಣ. ಹೊಡೆಯಬಹುದು, ಆದರೆ ಹಸಿವಿಗಾಗಿ ಹೊಡೆಯಬೇಡಿ. ಕರಡಿ ಎಂದರೆ ಹತ್ತಾರು ಕಿಲೋ ಮಾಂಸ, ಹದವಾಗಲು 12 ದಿನ ಬೇಕಾಗುವ ಒಂದು ದೊಡ್ಡ ತೊಗಲು, ಪೂರ್ತಿ ಒಂದು ದಿನವನ್ನು ತಿಂದುಹಾಕುವ ಕೊಯ್ಲಿನ ಕೆಲಸ. ಆಹಾರ, ಕಟ್ಟಿಗೆ, ಸಮಯ ಮೂರೂ ಕೂಡಿಬಂದಿರುವ ದಿನಕ್ಕೆ ಅದನ್ನು ಕಾಯ್ದಿರಿಸಿ. ಇಲ್ಲಿ ಜಾಗದ ಆಯ್ಕೆ ಜಿಂಕೆಗಿಂತಲೂ ನೂರು ಪಾಲು ಮುಖ್ಯ. ಗುಂಡು ತಗುಲಿದ ಕರಡಿ ಒಂದೋ ಓಡುತ್ತದೆ, ಇಲ್ಲವೇ ನಿಮ್ಮ ಮೇಲೇ ನುಗ್ಗುತ್ತದೆ. ನುಗ್ಗಿದರೆ ತಡೆಯಲು ಪಂಜನ್ನು ನೆಚ್ಚಬೇಡಿ, ಹೋರಾಡಿ ಬಿಡಿಸಿಕೊಳ್ಳುವುದೂ ತೋಳದ ಜೊತೆ ಆದಂತೆ ಆಗುವುದಿಲ್ಲ. ಆದ್ದರಿಂದ ಬಾಗಿಲ ಎದುರಿಗೇ ನಿಂತು ಹೊಡೆಯಿರಿ. ಕರಡಿಗಳು ಗೊತ್ತಾದ ದಾರಿಯಲ್ಲೇ ತಿರುಗುತ್ತವೆ. ಎರಡು ಮೂರು ದಿನ ಗಮನಿಸಿದರೆ ಅದು ಯಾವ ಮನೆಯ ಸಮೀಪ ಹಾದುಹೋಗುತ್ತದೆ ಎಂಬುದು ತಿಳಿಯುತ್ತದೆ. ಅದು ಸಾಕಷ್ಟು ದೂರದಲ್ಲಿರುವಾಗಲೇ, ಆದರೆ ಗುರಿ ತಪ್ಪದಷ್ಟು ಹತ್ತಿರ ಬಂದಾಗ, ಒಂದು ಗುಂಡು ಹಾರಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಕರಡಿಗೆ ಮನೆಯೊಳಗೆ ಬರಲಾಗದು. ಕೆಟ್ಟು ನಿಂತ ಕಾರುಗಳಿರುವ ವಲಯದಲ್ಲಿ ಕಾರಿನ ಬಾಗಿಲೂ ಇದೇ ಕೆಲಸ ಮಾಡುತ್ತದೆ. ನಂತರ ಹಲವು ಗಂಟೆ ಹೊರಗೆ ಬರಬೇಡಿ. ಮಲಗಿ. ರಕ್ತಸ್ರಾವ ತನ್ನ ಕೆಲಸ ಮಾಡಲಿ. ಜಿಂಕೆಯ ವಿಷಯದಲ್ಲಿ ತಾಳ್ಮೆ ಗೆಡುವವರು ಮಾಂಸ ಕಳೆದುಕೊಳ್ಳುತ್ತಾರೆ, ಕರಡಿಯ ವಿಷಯದಲ್ಲಿ ಆಟವನ್ನೇ ಕಳೆದುಕೊಳ್ಳುತ್ತಾರೆ. ಸಾಯದೆ ಗಾಯಗೊಂಡು ಅಲೆಯುತ್ತಿರುವ ಕರಡಿಯನ್ನು ಕತ್ತಲಲ್ಲಿ ಹುಡುಕಿ ಹೋಗುವುದಕ್ಕಿಂತ ಕೆಟ್ಟ ನಿರ್ಧಾರ ಇನ್ನೊಂದಿಲ್ಲ.

ಕರಡಿ ಬಿದ್ದ ಮೇಲೆ ಅಲ್ಲೇ ಕುಳಿತು ಮಾಂಸವನ್ನೆಲ್ಲ ಬಿಡಿಸುವ ಬದಲು ದೇಹವನ್ನು ಭಾಗಗಳಾಗಿ ಕಡಿದು ಮೂಟೆ ಕಟ್ಟಿಕೊಳ್ಳುವ ಆಯ್ಕೆ ಇದೆ. ಮೂಟೆಗಳನ್ನು ಮನೆಗೆ ಸಾಗಿಸಿ ಒಲೆಯ ಬೆಚ್ಚಗೆಯಲ್ಲಿ ಕುಳಿತು ಮಾಂಸ ಬಿಡಿಸಬಹುದು. ಮೂಟೆಗಳ ವಾಸನೆ ವಿಪರೀತ, ಆದರೆ ಬಾಗಿಲ ಬಳಿಯೇ ಹೊಡೆದವರಿಗೆ ಅದು ಕೆಲವೇ ಹೆಜ್ಜೆಗಳ ಅಪಾಯ. ಮೂಸ್ (ದೈತ್ಯ ಗಾತ್ರದ ಜಿಂಕೆ) ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು: ಮರದ ತೊಗಟೆ ಉಜ್ಜಿ ಕಿತ್ತುಹೋದ ಗುರುತು ಕಂಡರೆ ಅಲ್ಲಿ ಮೂಸ್ ಇರಬಹುದು. ಅದರ ತೊಗಲಿನ ಚೀಲ ಇನ್ನೂ 5 ಕಿಲೋ ಹೊರುವ ಶಕ್ತಿ ಕೊಡುತ್ತದೆ. ಅದರ ಕಾಲ್ತುಳಿತಕ್ಕೆ ಸಿಕ್ಕರೆ ಪಕ್ಕೆಲುಬು ಮುರಿದು ಬಹಳ ದಿನ ಬೇಟೆಯೇ ಇಲ್ಲದಂತಾಗುತ್ತದೆ. ಅದಕ್ಕೂ ಕರಡಿಯಷ್ಟೇ ಅಂತರ ಕೊಡಿ.

ಕೊನೆಯದಾಗಿ ತೋಳದ ಮಾಂಸ. ಸದ್ಯಕ್ಕೆ ತಿನ್ನಬೇಡಿ. ತೋಳ, ಕರಡಿಗಳ ಮಾಂಸವನ್ನು ಚೆನ್ನಾಗಿ ಬೇಯಿಸಿದರೂ ಹೊಟ್ಟೆಯಲ್ಲಿ ಪರೋಪಜೀವಿ ಹುಳುಗಳಾಗುವ ಅಪಾಯವಿದೆ, ಒಂದರ ಮೇಲೊಂದು ತುಂಡು ತಿಂದಂತೆ ಆ ಅಪಾಯ ಏರುತ್ತದೆ. ಸೋಂಕು ತಗುಲಿದರೆ ಹತ್ತು ದಿನ, ದಿನಕ್ಕೊಮ್ಮೆ ಆ್ಯಂಟಿಬಯಾಟಿಕ್ ಅಥವಾ ರೈಶಿ ಅಣಬೆಯ ಚಹಾ ಕುಡಿಯಬೇಕು. ಅಷ್ಟು ದಿನ ಸೊರಗಿದ ಮೈಯಲ್ಲಿ ಬೇಟೆ ಆಡುವುದು ಸಾಧ್ಯವಿಲ್ಲ. ಜಿಂಕೆ, ಮೊಲ, ಮೀನು, ಮೂಸ್‌ಗಳಿಗೆ ಈ ತೊಂದರೆ ಇಲ್ಲ. ಹಾಗೆಂದು ತೋಳದ ಮಾಂಸವನ್ನು ಎಸೆಯಲೂಬೇಡಿ. ತಿನ್ನದೆ ಬರೀ ಬೇಯಿಸಿದರೂ ಅಡುಗೆಯ ಕೌಶಲ ಏರುತ್ತದೆ, ಮಾಂಸವನ್ನು ಸಣ್ಣ ತುಂಡುಗಳಾಗಿ ಕೊಯ್ದಷ್ಟೂ ಬೇಯಿಸುವ ಅವಕಾಶಗಳು ಹೆಚ್ಚು. ಅಡುಗೆ ಐದನೇ ಹಂತ ಮುಟ್ಟಿದ ದಿನ ಹುಳುಗಳ ಭಯ ಪೂರ್ತಿ ಹೋಗುತ್ತದೆ, ಕರಡಿಯ ಮಾಂಸವೂ ನಿರ್ಭಯವಾಗಿ ತಿನ್ನಬಹುದಾದ ಆಹಾರವಾಗುತ್ತದೆ. ಕರಡಿ ಬೇಟೆಯನ್ನು ಆ ದಿನದವರೆಗೆ ಮುಂದೂಡಿದರೆ ಅದರ ಪೂರ್ತಿ ಫಲ ಸಿಗುತ್ತದೆ. ಅಲ್ಲಿಯವರೆಗೆ ತೋಳದ ಮಾಂಸದ ಒಂದೆರಡು ಹಸಿ ತುಂಡುಗಳನ್ನು ಬಾಗಿಲ ಹೊರಗಿನ ಹಿಮದಲ್ಲಿ ಇಟ್ಟಿರಿ. ಮುಂದಿನ ತೋಳ ಅಂಗಳಕ್ಕೆ ಬಂದಾಗ ಅದರ ದಾರಿಯಲ್ಲಿ ಒಂದನ್ನು ಬೀಳಿಸಿ, ಅದು ತಿನ್ನಲು ನಿಂತಾಗ ತಲೆಗೆ ಗುರಿ ಇಡಿ.